ಗೋದತ್ತಿ ವಿಮಾನ ಹತ್ತಿದ್ದು

ಗೋದತ್ತಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಚಿಕ್ಕೋಡಿಯ ನಮ್ಮ ಓಣಿಯ ತಿರುವಿನಲ್ಲಿದ್ದ ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಕಲ್ಲು ತಿರುಗಿಸುವ ಬೆಲ್ಟಿನ, ನಮ್ಮ ಮಾತಿನ ಪಟ್ಟಾದ, ಪಕ್ಕದಲ್ಲಿ ನಿಂತವಳು ಅವಳು. ಆ ಸಪ್ಪಳವನ್ನು ಮೀರಿಸಿ ಕೂಗಿ ಕೂಗಿ, ಗಿರಣಿ ಬಂದಾದ ಮೇಲೂ ಅವಳ ದನಿ ಇಳಿಯುತ್ತಿರಲಿಲ್ಲ. ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ ಗುಟ್ಟನ್ನು ಎದುರು ಮನೆಯವರು ಕೇಳಿಸಿಕೊಂಡು, ಮರುದಿನ ನೀರು ತುಂಬುವಾಗ ಅವ್ವನ ಹತ್ತಿರ ಅದರ ಮುಂದಿನ ಭಾಗವನ್ನು ವಿಚಾರಿಸುತ್ತಿದ್ದರು. ಹುಬ್ಬು, ರೆಪ್ಪೆ, ಮೂಗಿನ ತುದಿ ಸದಾ ಬಿಳಿ. ನಕ್ಕಾಗ ಮುಖದಿಂದ ಹಿಟ್ಟು ಉದುರುತ್ತಿತ್ತು. ಅವಳು ದಿನವಿಡೀ ನಗುತ್ತಿದ್ದಳು.

ಅವಳು ಅಪ್ಪನ ಅಕ್ಕ. ಹೆಸರು ಗೋದಾವರಿ. ರಾಯಬಾಗಕ್ಕೆ ಮದುವೆ ಮಾಡಿಕೊಟ್ಟಿದ್ದರು; ಎರಡೇ ವರ್ಷಕ್ಕೆ ಗಂಡ ತೀರಿಕೊಂಡ, ತವರಿಗೆ ಬಂದಳು. ಮಗಳು ಮೂಲೆಯಲ್ಲಿ ಕೂತು ಅಳುವುದನ್ನು ನೋಡಲಾರದೆ ನಮ್ಮ ಅಜ್ಜ, ಮುತ್ಯಾ, ಗಿರಣಿ ಹಾಕಿಸಿದರು. ನಡೆಸಲು ಇಟ್ಟಿದ್ದ ಆಳು ಮೂರು ತಿಂಗಳಿಗೆ ಹೇಳದೆ ಕೇಳದೆ ಹೋದಾಗ ಗೋದತ್ತಿ ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ನಡೆದಳು. ಮತ್ತೆ ಹೊರಗೆ ಬಂದದ್ದು ಗಿರಣಿಯ ಯಜಮಾನಿಯಾಗಿ. ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಮನೆಮನೆಯ ಸುದ್ದಿ ಹೇಳುತ್ತಿದ್ದಳು. ಎಂದೂ ಜೋಳ ತರುವ ಮನೆಯಿಂದ ಗೋದಿ ಬಂದರೆ, "ಬೀಗರು ಬಂದಾರೇನ್ ಬೇ? ಹೋಳಗಿ ನಮಗೂ ಕಳಸರಿ!" ಎಂದು ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗುತ್ತಿದ್ದಳು.

ಇಂಥ ಗಟ್ಟಿ ಹೆಂಗಸಿಗೆ ಒಂದೇ ಒಂದು ವೈರಿ. ಬಸ್ಸು.

ಬಸ್ಸೆಂದೇನು, ಇಂಜಿನ್ ಇದ್ದ ಯಾವುದನ್ನು ಹತ್ತಿದರೂ ಅವಳಿಗೆ ವಾಂತಿ. ಟಾಂಗಾ, ಎತ್ತಿನ ಬಂಡಿ ಏನೂ ಮಾಡುತ್ತಿರಲಿಲ್ಲ. "ಜೀವ ಇದ್ದದ್ದು ಎಳದ್ರ ನನಗ ಏನೂ ಆಗೂದಿಲ್ಲ. ಜೀವ ಇಲ್ಲದ್ದು ಎಳದ್ರ ನನ್ನ ಜೀವ ಎಳೀತೈತಿ" ಎನ್ನುತ್ತಿದ್ದಳು. ಮದುವೆಯ ದಿಬ್ಬಣದ ಬಸ್ಸನ್ನು ಚಿಕ್ಕೋಡಿಯಿಂದ ರಾಯಬಾಗ ಮುಟ್ಟುವುದರೊಳಗೆ ನಾಲ್ಕು ಕಡೆ ನಿಲ್ಲಿಸಿದ ಮದುಮಗಳು ಅವಳು. ಹೀಗಾಗಿ ನಮ್ಮ ಸೀಮೆಯ ಊರುಗಳು ಅವಳಿಗೆ ಬೇರೆಯೇ ರೀತಿಯಲ್ಲಿ ನೆನಪಿದ್ದವು. ಹಾರೂಗೇರಿ ಎಂದರೆ, "ಅಲ್ಲಿ ನಳಾ ಚಲೋ ಐತಿ, ಬಾಯಿ ತೊಳಕೊಳ್ಳಾಕ." ಕಾಗವಾಡ ಎಂದರೆ, "ನಾಕಾದ ಹತ್ರ ಬೇವಿನ ಗಿಡ. ನೆರಳ ಭಾಳ ತಂಪ." ಮಂಗಸೂಳಿ ಮಲ್ಲಯ್ಯನ ದರ್ಶನಕ್ಕೆ ಹೋದಾಗ ಗುಡಿಯ ಮುಂದೆಯೇ ಆಗಿತ್ತಂತೆ, "ದೇವರು ಏನೂ ಅನ್ಲಿಲ್ಲ, ಪೂಜಾರಿನ ಭಾಳ ಮಾತಾಡಿದ" ಎಂದು ಇನ್ನೂ ಸಿಟ್ಟಿತ್ತು. ರೈಲನ್ನೂ ಒಮ್ಮೆ ಪರೀಕ್ಷಿಸಿದ್ದೆವು. ರಾಯಬಾಗದಲ್ಲಿ ಹತ್ತಿ, ಕುಡಚಿ ದಾಟಿ ಕೃಷ್ಣೆಯ ಸೇತುವೆ ಬರುವವರೆಗೆ ತಡೆದುಕೊಂಡಳು. ಸೇತುವೆಯ ನಡುವೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಆಮೇಲೆ ಹೊಳೆಗೆ ಎರಡೂ ಕೈ ಜೋಡಿಸಿ, "ತಪ್ಪಾತವಾ ಕೃಷ್ಣವ್ವಾ, ಮುಂದಿನ ಸಲ ಅರಿಷಿಣ ಕುಂಕುಮ ತರ್ತೇನಿ" ಎಂದು ಬೇಡಿಕೊಂಡದ್ದು ಇಡೀ ಡಬ್ಬಿಗೆ ಕೇಳಿಸಿತು.

ಇಂಥವಳಿಗೆ ಸಮುದ್ರ ನೋಡುವ ಆಸೆ ಹತ್ತಿತ್ತು.

ಹತ್ತಿಸಿದವನು ಕೊಂಕಣದಿಂದ ಉಪ್ಪುಮೀನು ಮಾರಲು ಬರುತ್ತಿದ್ದ ಒಬ್ಬ ಮುದುಕ. ಗಿರಣಿಯ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತ, ಮರಾಠಿ ಬೆರೆಸಿದ ಕನ್ನಡದಲ್ಲಿ, "ಬಾಯೀ, ದರಿಯಾದ ಆವಾಜ್ ಅಗದಿ ನಿಮ್ಮ ಗಿರಣಿ ಹಂಗನ. ಆದ್ರ ಯಾರೂ ನಡಸಾಂವಿಲ್ಲ, ಕರೆಂಟ್ ಇಲ್ಲ, ಹಗಲ ರಾತ್ರಿ ತಾನ ನಡೀತದ" ಎಂದಿದ್ದ. ಯಾರೂ ನಡೆಸಬೇಕಿಲ್ಲದ ಗಿರಣಿ! ಅಂದಿನಿಂದ ಗೋದತ್ತಿಗೆ ಅದೇ ಧ್ಯಾನ. ಎರಡು ಸಲ ಗೋವಾಕ್ಕೆಂದು ಹೊರಟು ನಿಪ್ಪಾಣಿ ಬಸ್‌ಸ್ಟ್ಯಾಂಡಿನಿಂದಲೇ ನಡೆದು ವಾಪಸು ಬಂದಿದ್ದಳು. ಮೂರನೆಯ ಸಲ ಆಂಬೋಲಿ ಘಟ್ಟದ ಮೊದಲ ತಿರುವಿನವರೆಗೆ ಹೋಗಿ, ಮುಂದಿನ ತಿರುವುಗಳನ್ನು ಮೇಲಿನಿಂದ ಎಣಿಸಿ, "ಇಷ್ಟ ಹೊಟ್ಟಿ ನನಗಿಲ್ಲ" ಎಂದು ಇಳಿದುಬಿಟ್ಟಿದ್ದಳು. ಈ ಸಂಗತಿಗಳನ್ನು ಹೇಳಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವಳೇ. ಆದರೆ ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು: "ಐವತ್ತು ದಾಟಿದವು. ಸಮುದ್ರ ತಾನಾಗಿ ಚಿಕ್ಕೋಡಿಗೆ ಬರೂದಿಲ್ಲ."

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅಪ್ಪ ಕಾರು ತಂದರು. ಹಳೆಯದೇ, ಆದರೂ ಓಣಿಯ ಮೊದಲ ಕಾರು. ಅಪ್ಪನದು ಪಂಪ್‌ಸೆಟ್ ರಿಪೇರಿಯ ಅಂಗಡಿ; ಇಂಜಿನ್ ಎಂದರೆ ಮಗುವನ್ನು ಎತ್ತಿಕೊಂಡಷ್ಟು ಪ್ರೀತಿ. ಪಕ್ಕದ ಮನೆಯ ಇಮಾಮಸಾಬ ಮಿಸ್ತ್ರಿಯೂ ಅವರೂ ಸೇರಿ ಒಂದು ವಾರ ಕಾರಿನ ಕೆಳಗೇ ಸಂಸಾರ ಮಾಡಿದರು. ಎದ್ದು ಬಂದ ಮೇಲೆ ಅಪ್ಪ ಸಾರಿದರು: "ಈ ಸೂಟಿಗೆ ಮುಂಬೈ. ದಾದರದಾಗ ನಿಮ್ಮ ಮಾಮಾನ ಮನಿಗೆ. ಎಲ್ಲಾರೂ ಗಾಡ್ಯಾಗ."

ನಾನೂ ತಂಗಿ ಶೈಲಾಳೂ ಕುಣಿದೆವು. ಗೋದತ್ತಿ ಕುಣಿಯಲಿಲ್ಲ. ರೊಟ್ಟಿ ಮುರಿಯುತ್ತ ಕೇಳಿದಳು:

"ದಾದರದಿಂದ ಸಮುದ್ರ ಎಷ್ಟ ದೂರ?"

"ನಡಕೋತ ಹೋಗಬಹುದು" ಎಂದಳು ಅವ್ವ. "ಅಣ್ಣನ ಮನಿಯಿಂದ ಹತ್ತ ನಿಮಿಷ."

"ಹಂಗಾರ ನಾನೂ ಬರ್ತೇನಿ. ವಿಮಾನದಾಗ."

ಅಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬೆಳಗಾವಿಯ ಸಾಂಬ್ರಾದಿಂದ ಮುಂಬೈಗೆ ಸಣ್ಣದೊಂದು ವಿಮಾನ ಹೋಗುತ್ತದೆಂದು ಗೋದತ್ತಿ ಹೇಗೋ ತಿಳಿದುಕೊಂಡಿದ್ದಳು. ತಿಂಗಳುಗಟ್ಟಲೆ ಯೋಚಿಸಿಟ್ಟ ತರ್ಕವನ್ನು ನಮ್ಮ ಮುಂದೆ ಬಿಚ್ಚಿದಳು. "ವಾಂತಿ ಯಾಕ ಆಕ್ಕೈತಿ? ರಸ್ತಾದಾಗ ತೆಗ್ಗ ಇರ್ತಾವ, ತಿರುವು ಇರ್ತಾವ, ಎಮ್ಮಿ ಅಡ್ಡ ಬರ್ತಾವ. ಆಕಾಶದಾಗ ತೆಗ್ಗ ಯಾಂವ ತೋಡ್ಯಾನ? ಅಲ್ಲಿ ಎಮ್ಮಿ ಎಲ್ಲಿಂದ ಬರ್ತಾವ?"

"ಅಕ್ಕಾ, ಅದಕ್ಕೂ ಇಂಜಿನ್ ಐತಿ" ಎಂದರು ಅಪ್ಪ.

"ಇರ್ಲಿ. ಅದರದು ರೆಕ್ಕಿ ಮ್ಯಾಲ, ಹೊರಗ ಐತಿ. ನಿಂದು ಮೂಗಿನ ಮುಂದ ಐತಿ."

"ರಸ್ತಾದ ಮ್ಯಾಲ ಗಾಡಿ ಕೆಟ್ರ ಇಳದು ತಳ್ಳಬಹುದು. ಮ್ಯಾಲ ಕೆಟ್ರ ಯಾಂವ ತಳ್ಳಾಂವ?"

"ನಿನ್ನ ಗಾಡಿ ತಳ್ಳಿ ತಳ್ಳಿ ಓಣಿ ಮಂದಿ ರಟ್ಟಿ ಬಾತಾವ, ಅವರನ್ನ ಕೇಳು!"

ಓಣಿಯ ಮಂದಿ ಆಗಲೇ ಕೇಳಿಸಿಕೊಂಡಿದ್ದರು. ಮರುದಿನದಿಂದ ಗಿರಣಿಯ ಮುಂದೆ ಬೇರೆ ಮಾತೇ ಇಲ್ಲ. ಜೋಳದ ಬುಟ್ಟಿ ಇಳಿಸಿದವರೆಲ್ಲ ಎರಡು ಪಕ್ಷವಾದರು. ಭೋಜದಿಂದ ಬಂದಿದ್ದ ಒಬ್ಬ ರೈತ, ವಿಮಾನದಲ್ಲಿ ಕಿಟಕಿ ತೆರೆದರೆ ಗಾಳಿಗೆ ರುಮಾಲು ಹಾರುತ್ತದೆಂದು ಪ್ರಮಾಣ ಮಾಡಿ ಹೇಳಿದ. ಇಮಾಮಸಾಬ ಕಾರಿನ ಪಕ್ಷ. "ಅಕ್ಕಾ, ನಿಮಗ ಮುಂದಿನ ಸೀಟ ಕೊಡ್ತೇವಿ, ಕಿಟಕಿ ಕಾಚನ ತಗದ ಇಡ್ತೇನಿ" ಎಂದು ಗೋಗರೆದ. ಖರ್ಚಿನ ಮಾತೆತ್ತಿದ ಅಪ್ಪನಿಗೆ, "ಅದು ನನ್ನ ಗಿರಣಿ ಮಾತು, ನೀ ಬಾಯಿ ಹಾಕಬ್ಯಾಡ" ಎಂಬ ಉತ್ತರ ಸಿಕ್ಕಿತು.

ಕೊನೆಗೆ ಗೋದತ್ತಿಯೇ ಮತದಾನ ಎಂದಳು. ಒಂದು ಭಾನುವಾರ ಪಡಸಾಲೆಯಲ್ಲಿ ಹಿಟ್ಟು ನಾದುವ ಅಗಲ ಪರಾತ ಇಟ್ಟರು. ವಿಮಾನಕ್ಕೆ ಶೇಂಗಾ, ಕಾರಿಗೆ ಬೆಲ್ಲದ ಚೂರು. ಮನೆಯವರ ಜೊತೆ ನೆರೆಯವರೂ ಹಾಕಿದರು. ಗುಟ್ಟಾಗಿರಲೆಂದು ಪರಾತದ ಮೇಲೆ ಧೋತರ ಮುಚ್ಚಿದ್ದರು. ಕೆಳಗೆ ಕೈ ತೂರಿಸಿ ಹಾಕಬೇಕು. ಅಪ್ಪ ಓಣಿಯಲ್ಲಿ ಓಡಾಡಿ ಮಂದಿಯನ್ನು ಒಲಿಸಿದ್ದರು. ಗೆಲುವು ತಮ್ಮದೇ ಎಂದು ಮೀಸೆ ತೀಡುತ್ತ ಧೋತರ ತೆಗೆದರು. ಪರಾತದಲ್ಲಿ ಏಳು ಶೇಂಗಾ, ಎರಡು ಚೂರು ಬೆಲ್ಲ.

"ಇದ್ಹೆಂಗ?" ಎಂದರು ಅಪ್ಪ. ಎಲ್ಲರೂ ಸುತ್ತ ನೋಡಿದೆವು. ಪರಾತದ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದ ಮುತ್ಯಾ ಕಣ್ಣು ಮುಚ್ಚಿ ಏನನ್ನೋ ಚೀಪುತ್ತಿದ್ದರು. ಅವರ ಬಾಯಲ್ಲಿ ಹಲ್ಲಿರಲಿಲ್ಲ. ಶೇಂಗಾ ಅವರಿಗೆ ಉಪಯೋಗವಿರಲಿಲ್ಲ.

"ಅಪ್ಪಾ, ಮತ ತಿಂದ್ರೇನು?" ಎಂದು ಅಪ್ಪ ಅವರನ್ನು ಕೇಳಿದರು.

"ಭಾಳ ಚಲೋ ಬೆಲ್ಲ" ಎಂದರು ಮುತ್ಯಾ, ಕಣ್ಣು ತೆರೆಯದೆ.

ಮತ್ತೆ ಮತದಾನ ಆಗಲೇಬೇಕೆಂದು ಅಪ್ಪ ಹಟ ಹಿಡಿದರು. ಗೋದತ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲಕ್ಕೆ ಕೂತಳು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಇಮಾಮಸಾಬ ಕಾರಿನ ಪಕ್ಷದವನಾದರೂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಅಪ್ಪ ಒಬ್ಬರೇ ಗಂಭೀರವಾಗಿ ಮುತ್ಯಾನ ಬಾಯಿ ತೆರೆಸಿ ಮತ ಎಣಿಸಲು ನೋಡುತ್ತಿದ್ದರು. ಆಮೇಲೆ ಗೋದತ್ತಿ ಏಳುತ್ತ, ಅವಳ ಮಟ್ಟಿಗೆ ಸಣ್ಣ ದನಿಯಲ್ಲಿ, ಹೇಳಿದಳು: "ತಮ್ಮಾ, ನಾ ಇಷ್ಟ ದಿನ ಏನೂ ಕೇಳಿಲ್ಲ. ಒಂದ ಸಲ ವಾಂತಿ ಇಲ್ಲದ ಎಲ್ಲಿಗಾದ್ರೂ ಹೋಗಿ ನಿಲ್ಲಬೇಕನಸೇತಿ." ಅಪ್ಪ ಮುತ್ಯಾನ ಗಲ್ಲ ಬಿಟ್ಟರು. ಅಲ್ಲಿಗೆ ಮಾತು ಮುಗಿಯಿತು.

ಹೀಗೆ ಠರಾವಾಯಿತು: ಅವ್ವ, ಶೈಲಾ, ಮುತ್ಯಾ ಕಾರಿನಲ್ಲಿ, ನಡೆಸಲು ಇಮಾಮಸಾಬ. ವಿಮಾನದಲ್ಲಿ ಗೋದತ್ತಿ, ಅವಳ ಜೊತೆಗೆ ಅಪ್ಪ, ಮತ್ತು ಇಂಗ್ಲಿಷ್ ಓದಲು ಬರುತ್ತದೆಂದು ನಾನು. ನನಗಾಗ ಹನ್ನೊಂದು. ಅಪ್ಪ ಕಾರಿನ ಬೀಗದಕೈಯನ್ನು ಇಮಾಮಸಾಬನಿಗೆ ಕೊಡುವಾಗ ಮಗಳನ್ನು ಧಾರೆ ಎರೆದು ಕೊಟ್ಟವರಂತೆ ಕಣ್ಣು ತುಂಬಿಕೊಂಡರು.

ಗೋದತ್ತಿ ಒಂದು ದಿನ ಮುಂಚೆ ನಮ್ಮ ಜೊತೆ ಬಸ್ಸಿನಲ್ಲಿ ಬೆಳಗಾವಿಗೆ ಬಂದು, ವಾಡಿಕೆಯಂತೆ ಆಗಬೇಕಾದದ್ದನ್ನು ದಾರಿಯಲ್ಲಿ ಮುಗಿಸಿ, ನೆಂಟರ ಮನೆಯಲ್ಲಿ ಮಲಗಿದಳು. ಮರುದಿನ ಟಾಂಗಾದಲ್ಲೇ ಸಾಂಬ್ರಾಕ್ಕೆ ಹೋಗಬೇಕೆಂದಳು. ಹೊಸ ಇಳಕಲ್ ಸೀರೆ, ಮುಖದಲ್ಲಿ ಹಿಟ್ಟಿಲ್ಲ. ನಾನು ಮೊದಲ ಸಲ ಅವಳ ಹುಬ್ಬಿನ ಬಣ್ಣ ನೋಡಿದೆ. ವಿಮಾನ ನಿಲ್ದಾಣದ ಬಾಗಿಲಿಗೆ ನಮ್ಮ ಟಾಂಗಾ ಬಂದು ನಿಂತಾಗ ಕುದುರೆ ಅಲ್ಲಿಯೇ ಲದ್ದಿ ಹಾಕಿತು. ಅಪ್ಪ ಬೇರೆ ಯಾರದೋ ಟಾಂಗಾ ಎಂಬಂತೆ ದೂರ ಹೋಗಿ ನಿಂತರು.

ಒಳಗೆ ಪೊಲೀಸಿನವನು ಅವಳ ಚೀಲ ಬಿಚ್ಚಿಸಿದ. ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಅದರ ಕೆಳಗೆ ಉರುಳಾಡುತ್ತಿದ್ದ ಲಿಂಬೆಹಣ್ಣುಗಳು.

"ಇಷ್ಟ ಲಿಂಬಿಹಣ್ಣ ಯಾಕ್ರಿ?"

"ವಾಂತಿಗ್ರೀ!" ಎಂದಳು ಗೋದತ್ತಿ.

ಗಿರಣಿಯ ದನಿ. ಇಸ್ತ್ರಿ ಮಾಡಿದ ಅಂಗಿಗಳು, ಚರ್ಮದ ಪೆಟ್ಟಿಗೆಗಳು ಎಲ್ಲ ಒಮ್ಮೆಗೇ ನಮ್ಮ ಕಡೆ ತಿರುಗಿದವು. ಪೊಲೀಸಿನವನು ಗಡಬಡಿಸಿ ಚೀಲ ಕಟ್ಟಿಕೊಟ್ಟ.

ವಿಮಾನ ನಮ್ಮ ಬಸ್ಸಿಗಿಂತ ಸಣ್ಣದಿತ್ತು. ಅದನ್ನು ನೋಡಿ ಅಪ್ಪ ಎರಡು ಸಲ ಸುತ್ತು ಹಾಕಲು ನೋಡಿದರು, ಯಾರೋ ತಡೆದರು. ಗೋದತ್ತಿ ಮೆಟ್ಟಿಲಿಗೆ ನಮಸ್ಕಾರ ಮಾಡಿ ಬಲಗಾಲಿಟ್ಟು ಹತ್ತಿದಳು. ಕೂತ ಕೂಡಲೇ ಲಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ನಾನು ಅವಳ ಇನ್ನೊಂದು ಕೈ ಹಿಡಿದೆ, ಬೆವರಿತ್ತು. ರೆಕ್ಕೆಯ ಇಂಜಿನ್ ಗುಡುಗತೊಡಗಿತು. ಅವಳು ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು. "ಶಾಲೂ, ಇದು ನಮ್ಮ ಗಿರಣಿ ಚಾಲೂ ಆದಂಗ ಆತಲ್ಲ!" ಎಂದಳು. ಆಮೇಲೆ ಎರಡೂ ಕಣ್ಣು ತೆರೆದೇ ಇದ್ದವು.

ಸಹ್ಯಾದ್ರಿಯ ಮೇಲೆ ಬರುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮೋಡ ಸಿಕ್ಕವು. ಆಕಾಶದಲ್ಲಿ ಯಾರೋ ಸಾಕಷ್ಟು ತೆಗ್ಗು ತೋಡಿಟ್ಟಿದ್ದರು. ವಿಮಾನ ದೊಪ್ಪೆಂದು ಕೆಳಗೆ ಬೀಳುವುದು, ಎದ್ದು ಓರೆಯಾಗುವುದು, ಮತ್ತೆ ಬೀಳುವುದು. ಮುಂದಿನ ಸೀಟಿನ ಸೂಟಿನವನು ಕಾಗದದ ಚೀಲ ಬಿಚ್ಚಿದ. ಅವನ ಪಕ್ಕದವನೂ ಬಿಚ್ಚಿದ. ನನಗೂ ಆಯಿತು. ನಾನು ಬಾಯಿ ಒರೆಸಿಕೊಂಡು ತಲೆ ಎತ್ತಿದಾಗ ಕಂಡದ್ದು ಅಪ್ಪ; ಜನ್ಮದಲ್ಲಿ ಎಂದೂ ವಾಂತಿ ಮಾಡದ ಅಪ್ಪ, ತಮ್ಮ ಚೀಲ ಮುಗಿಸಿ ಗೋದತ್ತಿಯ ಚೀಲಕ್ಕೆ ಕೈ ಚಾಚುತ್ತಿದ್ದರು.

ಗೋದತ್ತಿ? ಅವಳು ಸಿಂಹಾಸನದ ಮೇಲೆ ಕೂತಂತೆ ಕೂತಿದ್ದಳು. ಮುಖ ಅರಳಿ ಹೂವಾಗಿತ್ತು. ಒಂದು ಕೈಯಿಂದ ಅಪ್ಪನ ಹಣೆ ಹಿಡಿದು, ಇನ್ನೊಂದು ಕೈಯಿಂದ ಬೆನ್ನು ತಟ್ಟುತ್ತ, ವಿಮಾನಕ್ಕೆಲ್ಲ ಕೇಳುವಂತೆ ಧೈರ್ಯ ಹೇಳುತ್ತಿದ್ದಳು: "ಹಾಕ್ ತಮ್ಮಾ, ಹೊರಗ ಹಾಕು, ನಾಚಬ್ಯಾಡ! ತಡಕೊಂಡ್ರ ತಲಿ ನೋಸ್ತೈತಿ!" ಆಮೇಲೆ ಚೀಲ ಬಿಚ್ಚಿ ಮುಂದಿನವರಿಗೂ ಹಿಂದಿನವರಿಗೂ ಲಿಂಬೆಹಣ್ಣು ಹಂಚಿದಳು. "ಮೂಸರೀ ಸಾಹೇಬ್ರ, ಉಗುರು ಹಚ್ಚಿ ಮೂಸರಿ!" ಚರ್ಮದ ಪೆಟ್ಟಿಗೆಯ ಸಾಹೇಬರೆಲ್ಲ ಉಗುರು ಹಚ್ಚಿ ಲಿಂಬೆಹಣ್ಣು ಮೂಸಿದರು. ಈ ವಿಷಯದಲ್ಲಿ ಅವಳಷ್ಟು ಅನುಭವ ಆ ವಿಮಾನದಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಮೋಡ ಹರಿದಾಗ ಕೆಳಗೆ ನೀರು ಕಾಣಿಸಿತು. ಗೋದತ್ತಿ ಕಿಟಕಿಗೆ ಹಣೆ ಹಚ್ಚಿದಳು.  ವಿಮಾನ ನೆಲ ಮುಟ್ಟುವವರೆಗೆ ಅಲ್ಲಿಂದ ತೆಗೆಯಲಿಲ್ಲ.

ಮುಂಬೈಯಲ್ಲಿ ಇಳಿದು ಟ್ಯಾಕ್ಸಿ ಹತ್ತಿ ಎರಡು ಫರ್ಲಾಂಗು ಹೋಗುವುದರೊಳಗೆ, "ನಿಲ್ಲಸ್ರೀ!" ಎಂದಳು. ದಾದರ ಮುಟ್ಟುವವರೆಗೆ ಟ್ಯಾಕ್ಸಿ ಐದು ಸಲ ನಿಂತಿತು. ಅಪ್ಪ ಪ್ರತಿ ಸಲವೂ ಇಳಿದು ಅವಳ ಹಣೆ ಹಿಡಿದರು. ಅವರ ಮುಖದಲ್ಲಿ ಏನೋ ಒಂದು ಸಮಾಧಾನವಿತ್ತು.

ಕಾರು ಬಂದದ್ದು ಮರುದಿನ ಮಧ್ಯಾಹ್ನ. ಕರಾಡದ ಹತ್ತಿರ ಫ್ಯಾನ್ ಬೆಲ್ಟ್ ಹರಿದಿತ್ತು. ಇಮಾಮಸಾಬ ಅವ್ವನ ಹಳೆಯ ಸೀರೆಯ ಅಂಚು ಹೊಸೆದು ಕಟ್ಟಿ ಸಾತಾರೆಯವರೆಗೆ ತಂದಿದ್ದ. "ಸೀರಿ ಮ್ಯಾಲ ಗಾಡಿ ನಡದೈತ್ರೀ" ಎಂದು ಅಪ್ಪನ ಎದುರು ಎದೆಯುಬ್ಬಿಸಿದ. ಮುತ್ಯಾ ದಾರಿಯುದ್ದಕ್ಕೂ ಕಬ್ಬಿನ ಹಾಲು ಕುಡಿದು ಹತ್ತು ವರ್ಷ ಚಿಕ್ಕವರಾಗಿ ಬಂದಿದ್ದರು. ಗೋದತ್ತಿ ಅವರೆಲ್ಲ ಬರುವವರೆಗೂ ಸಮುದ್ರಕ್ಕೆ ಹೋಗಿರಲಿಲ್ಲ. "ಒಬ್ಬಾಕಿನ ಹೆಂಗ ನೋಡ್ಲಿ?" ಎಂದು ಹಟ ಹಿಡಿದು ಕೂತಿದ್ದಳು.

ಸಂಜೆ ಎಲ್ಲರೂ ನಡೆದುಕೊಂಡು ಹೋದೆವು. ಉಸುಕಿನಲ್ಲಿ ಚಪ್ಪಲಿ ಬಿಟ್ಟು ಗೋದತ್ತಿ ನೀರಿನ ಅಂಚಿಗೆ ಹೋದಳು. ಸೀರೆಯ ನಿರಿಗೆ ಒದ್ದೆಯಾದರೂ ಹಿಂದೆ ಸರಿಯಲಿಲ್ಲ. ತಲೆ ಒಂದು ಕಡೆ ವಾಲಿಸಿ, ಗಿರಣಿಯ ಸಪ್ಪಳದಲ್ಲಿ ದೋಷ ಹುಡುಕುವಾಗ ನಿಲ್ಲುತ್ತಿದ್ದಂತೆ, ಕಣ್ಣು ಮುಚ್ಚಿ ಕೇಳಿದಳು. ನಾವು ಹಿಂದೆ ಕಾದು ನಿಂತೆವು. ಅವಳು ತಿರುಗಿದಾಗ ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಇದರ ಪಟ್ಟಾ ಸಡ್ಲ ಆಗೇತಿ ನೋಡ ತಮ್ಮಾ. ಒಮ್ಮಿ ಜೋರ, ಒಮ್ಮಿ ಸಣ್ಣ!"

ಅಪ್ಪ ನಕ್ಕು ನಕ್ಕು ಒದ್ದೆ ಉಸುಕಿನಲ್ಲಿ ಕೂತುಬಿಟ್ಟರು. ಅಲೆ ಬಂದು ಅವರ ಹೊಸ ಪ್ಯಾಂಟು ತೋಯಿಸಿತು. ಅವರು ಏಳಲಿಲ್ಲ.

ವಿಮಾನದ ತಿಕೀಟು ಹೋಗುವುದಕ್ಕೆ ಮಾತ್ರ ಇತ್ತು. ವಾಪಸು ಬಂದದ್ದು ಎಲ್ಲರೂ ಕಾರಿನಲ್ಲೇ, ಒಬ್ಬರ ಮೇಲೊಬ್ಬರು. ಖಂಡಾಳಾ, ಕಾತ್ರಜ, ಖಂಬಾಟಕಿ, ಯಾವ ಘಟ್ಟವನ್ನೂ ಗೋದತ್ತಿ ಬಿಡಲಿಲ್ಲ. ಇಳಿದು, ಆದಮೇಲೆ ಬಾಯಿ ತೊಳೆದು, "ಇರ್ಲಿ ಬಿಡು, ನೋಡಿ ಬಂದೇನಲ್ಲ" ಎನ್ನುತ್ತ ಮತ್ತೆ ಹತ್ತುತ್ತಿದ್ದಳು. ನಿಪ್ಪಾಣಿಗೆ ಬರುವಷ್ಟರಲ್ಲಿ ಅವಳ ನಕಾಶೆಗೆ ಹನ್ನೆರಡು ಹೊಸ ಊರುಗಳು ಸೇರಿದ್ದವು.

ಮುಂದೆ ವರ್ಷಗಟ್ಟಲೆ ಗಿರಣಿಯ ಕಟ್ಟೆಯ ಮೇಲೆ ಈ ಕಥೆ ನಡೆಯಿತು. ಅಪ್ಪ ಎದುರಿಗಿದ್ದರೆ ಅವರ ಚೀಲಗಳು ಎರಡು, ಇಲ್ಲದಿದ್ದರೆ ನಾಲ್ಕು. ಯಾರಾದರೂ ಪ್ರವಾಸ ಹೊರಟರೆ ಕಾರೋ ರೈಲೋ ಎಂದು ಅವಳ ಸಲಹೆ ಕೇಳಲು ಬರುತ್ತಿದ್ದರು. ಅವಳು ಹಿಟ್ಟಿನ ಕೈ ಎತ್ತಿ ಆಕಾಶ ತೋರಿಸುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಅಥಣಿಯಲ್ಲಿದ್ದೆ. ಮಗಳು ಹುಟ್ಟಿದಾಗ ಗೋದತ್ತಿ ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ಬಂದಳು. ಬಾಗಿಲಲ್ಲಿ ನಿಂತಾಗ ಮುಖ ಸುಣ್ಣದಂತಿತ್ತು. "ಅತ್ತೀ, ಇಷ್ಟ ತ್ರಾಸ ತಗೊಂಡ ಯಾಕ ಬಂದಿ?" ಎಂದೆ. "ವಿಮಾನ ಅಥಣಿಗೆ ಬರೂದಿಲ್ಲಲ್ಲ ಮಗಳ" ಎಂದಳು. ಮುಖ ತೊಳೆದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ನಾಲ್ಕು ದಿನ ಇದ್ದಳು. ಅವಳು ಜೋಗುಳ ಹಾಡಿದರೆ ಕೂಸು ಬೆಚ್ಚಿ ಏಳುತ್ತಿತ್ತು, ಆಮೇಲೆ ಅವಳನ್ನೇ ನೋಡುತ್ತ ಮಲಗುತ್ತಿತ್ತು. "ಇಕಿನ್ನ ಸಣ್ಣಾಕಿ ಇದ್ದಾಗನ ಸಮುದ್ರಕ್ಕ ಒಯ್ಯಿ. ನನ್ಹಂಗ ತಲಿ ಬೆಳ್ಳಗಾಗೂತನಕ ಕಾಯಸಬ್ಯಾಡ" ಎಂದು ನನ್ನ ಗಂಡನಿಗೆ ತಾಕೀತು ಮಾಡಿದಳು.

ಆ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಗಿರಣಿಗೆ ಹೊರಟವಳು ಹೊಸ್ತಿಲಲ್ಲೇ ಕುಸಿದಳಂತೆ. ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಾಗಾಗಿ ಅವಳನ್ನು ಕೊನೆಯ ಸಲ ನೋಡಿದ್ದು ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿಯೇ.

ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು ನಾನು ಕೆಳಗೆ ನಿಂತಿದ್ದೆ. ಬಸ್ಸು ಹೊರಟು ಗೇಟಿನ ತಿರುವಿಗೆ ಬಂತು. ಕಿಟಕಿಯಿಂದ ಅವಳ ತಲೆ ಹೊರಗೆ ಬಂತು. ನನಗೆ ಕೈ ಬೀಸಲೆಂದು ತಿಳಿದು ನಾನೂ ಕೈ ಎತ್ತಿದೆ. ಅದಕ್ಕಲ್ಲ. ಅದನ್ನು ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಆಮೇಲೆ ನನ್ನ ಕಡೆ ನೋಡಿ ಗೋದತ್ತಿ ಎರಡೂ ಕೈ ಬೀಸಿದಳು. ನಗುತ್ತಿದ್ದಳು.